ಎಂಟು ಗಂಟೆಯ ಮಾತ್ರೆ

ಪ್ರೀತಿಯ ಬಸೂ,

ಪತ್ರ ಮೊನ್ನೆ ಬಂತು. ಕಿಡ್ನಿ ಕಸಿಯ ಆಪರೇಷನ್ನು, ಖರ್ಚು, ಅದೆಲ್ಲ ಬಿಡು. ಕೊನೆಗೆ ಬರೆದಿದ್ದೀಯಲ್ಲ, "ಕಾಕಾ, ರಿಪೋರ್ಟ್ ನಾರ್ಮಲ್ ಇದೆ, ಇನ್ನೂ ಈ ಮಾತ್ರೆ ಯಾಕೆ?" ಅಂತ. ಆಗಿನಿಂದ ನನಗೆ ನಿದ್ದೆ ಇಲ್ಲ. ಆ ಸಾಲಿನ ಅಕ್ಷರಗಳೂ ನಡುಗಿವೆ. ನಿನ್ನ ಆ ಮಾತ್ರೆ, ಟ್ಯಾಕ್ರೋಲಿಮಸ್, ತಗೊಳ್ಳುವವರಿಗೆ ಕೈ ನಡುಗುವುದುಂಟು, ಗೊತ್ತು. ಆದರೂ ಹೆದರಿದೆ.

ಬಾಗಲಕೋಟೆಯಲ್ಲಿ 28 ವರ್ಷ ಜೀವಶಾಸ್ತ್ರ ಕಲಿಸಿದೆ. ಕೈನೇಸ್ ಅನ್ನೋ ಕಿಣ್ವ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಫಾಸ್ಫಟೇಸ್ ಅನ್ನೋ ಕಿಣ್ವ ಅದನ್ನು ಕೀಳುತ್ತದೆ, ಬರ್ಕೊಳ್ಳಿ ಅಂತಿದ್ದೆ. ಈ ಕೆಲಸಕ್ಕೆ ಫಿಶರ್ ಮತ್ತು ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂದಾಗಲೂ ಅಷ್ಟೇ ಹೇಳಿದೆ. ಫಾಸ್ಫೇಟ್ ಕಿತ್ತರೆ ಪ್ರೋಟೀನಿನ ಕೆಲಸ ನಿಂತಿತು, ದೀಪ ಆರಿದ ಹಾಗೆ ಅಂತ ಮಕ್ಕಳ ತಲೆಗೆ ತುಂಬಿದೆ. ಅದು ಯಾವಾಗಲೂ ನಿಜ ಅಲ್ಲ.

ನಿನ್ನ ವಿಷಯದಲ್ಲಿ ಉಲ್ಟಾ. ಮೈ ಕಾಯುವ ಟಿ ಕೋಶಕ್ಕೆ ಹೊರಗಿನದೇನೋ ತಗಲಿತು ಅಂದ್ಕೋ. ಒಳಗೆ ಕ್ಯಾಲ್ಸಿಯಂ ಏರುತ್ತದೆ. ಆಗ ಕ್ಯಾಲ್ಸಿನ್ಯೂರಿನ್ ಅನ್ನೋ ಫಾಸ್ಫಟೇಸ್ ಎದ್ದು, ಎನ್‌ಫ್ಯಾಟ್ ಅನ್ನೋ ಪ್ರೋಟೀನಿನ ಮೇಲಿನ ಫಾಸ್ಫೇಟ್ ಕೀಳುತ್ತದೆ. ಕಿತ್ತ ಕೂಡಲೇ ಅದು ನ್ಯೂಕ್ಲಿಯಸ್‌ಗೆ ನುಗ್ಗಿ ಟಿ ಕೋಶಗಳಿಗೆ ಹೆಚ್ಚಾಗಿ ಅಂತ ಹೇಳುವ ಇಂಟರ್‌ಲ್ಯೂಕಿನ್-2ರ ಜೀನ್ ಚಾಲೂ ಮಾಡುತ್ತದೆ. ಟಿ ಕೋಶಗಳು ಒಂದಕ್ಕೆ ಹತ್ತಾಗಿ ಕಸಿ ಮಾಡಿದ ಕಿಡ್ನಿಯ ಮೇಲೆ ಬೀಳುತ್ತವೆ. ಅದು ಅವ್ವನ ಕಿಡ್ನಿ ಅಂತ ಅವಕ್ಕೆ ಗೊತ್ತಾಗಲ್ಲ, ತಮ್ಮಾ. ನಿನ್ನ ಮಾತ್ರೆ ಇನ್ನೊಂದು ಸಣ್ಣ ಪ್ರೋಟೀನನ್ನು ಜೊತೆಗೆ ಹಿಡಿದು ಕ್ಯಾಲ್ಸಿನ್ಯೂರಿನ್‌ಗೆ ಅಡ್ಡ ಕೂರುತ್ತದೆ. ಅದು ಕೂತಿದೆ ಅಂತಲೇ ರಿಪೋರ್ಟ್ ನಾರ್ಮಲ್ ಇದೆ.

1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಸಿಕ್ಕ ಔಷಧ ಅದು. ಎಲ್ಲಿಯ ಮಣ್ಣು, ಎಲ್ಲಿಯ ನೀನು.

ನನ್ನ ಗೆಳೆಯನೊಬ್ಬ ಹೀಗೇ "ಬಿಪಿ ಸರಿ ಇದೆ, ಮಾತ್ರೆ ಬಿಟ್ಟೆ" ಅಂದಿದ್ದ. ಬಶಿಗೆ ಚಹಾ ಸುರಿದುಕೊಂಡು ಊದುತ್ತಿದ್ದ. ನಾನು ಓದಿದವನು, "ಹೌದು ಬಿಡು" ಅಂದೆ. ಮುಂದಿನ ಬೇಸಿಗೆಗೆ ಲಕ್ವಾ ಹೊಡೆಯಿತು. ಈಗ ಆ ಬಶಿಯನ್ನು ಅವನ ಹೆಂಡತಿ ಬಾಯಿಗೆ ಹಿಡಿಯುತ್ತಾಳೆ. ಅವನ ಮನೆಗೆ ಹೋದಾಗೆಲ್ಲ ನನಗೆ ಚಹಾ ಇಳಿಯುವುದಿಲ್ಲ.

ನಿನಗೆ "ಹೌದು ಬಿಡು" ಅನ್ನಲಾರೆ. ನಡುಕದ ಬಗ್ಗೆ ಡಾಕ್ಟರಿಗೆ ಹೇಳು, ರಕ್ತ ನೋಡಿ ಡೋಸ್ ಅವರೇ ಬದಲಿಸಲಿ. ನೀನಾಗಿ ಒಂದು ಹೊತ್ತೂ ಬಿಡಬೇಡ. ಚಕ್ಕೋತ ಹಣ್ಣು ತಿನ್ನಬೇಡ, ರಕ್ತದಲ್ಲಿ ಔಷಧ ಜಾಸ್ತಿ ಆಗಬಹುದು. ಇದೆಲ್ಲ ನಿನಗೆ ಹೇಳಿಯೇ ಇರುತ್ತಾರೆ, ಸುಮ್ನೆ ನನ್ನ ಸಮಾಧಾನಕ್ಕೆ ಬರೆದೆ.

ಇವತ್ತಿನಿಂದ ರಾತ್ರಿ ಎಂಟಕ್ಕೆ ಮಿಸ್ಡ್ ಕಾಲ್ ಕೊಡುತ್ತೇನೆ. ಎತ್ತಬೇಡ. ಮಾತ್ರೆ ತಗೊಂಡು ನೀನೂ ಒಂದು ಕೊಡು, ಆಮೇಲೆ ನಾನು ಮಲಗುತ್ತೇನೆ.

ನಿನ್ನ ಕಾಕಾ
ವಿಜಯಪುರ