ಸಹಾಯಾರ್ಥ ಸೈಕಲ್ ಯಾತ್ರೆಗೆ ಹನ್ನೆರಡು ವಾರ ಬೇಕು

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಮುಗಿದು ಚಳಿ ಬೀಳತೊಡಗಿದರೆ ನಮ್ಮ ಭಾಗದಲ್ಲಿ ಸಹಾಯಾರ್ಥ ಸೈಕಲ್ ಯಾತ್ರೆಗಳ ಮಾತು ಶುರುವಾಗುತ್ತದೆ. ಬಡ ರೋಗಿಗಳ ಚಿಕಿತ್ಸೆಗೋ ಮಕ್ಕಳ ಓದಿಗೋ ಹಣ ಕೂಡಿಸಲು ವಿಜಯಪುರದಿಂದ ಹುಬ್ಬಳ್ಳಿವರೆಗೆ ಸೈಕಲ್ ಹೊಡೆಯುವುದು ಪುಣ್ಯದ ಕೆಲಸ. ಆದರೆ ಅದು ಸುಮಾರು 200 ಕಿ.ಮೀ. ದಾರಿ. ಟೀ ಶರ್ಟು, ಬ್ಯಾನರು, ಉದ್ಘಾಟನೆಗೆ ಕೊಡುವಷ್ಟು ಹೊತ್ತನ್ನು ಸವಾರರ ತಯಾರಿಗೂ ಕೊಡಬೇಕು. ಹೆಸರು ಬರೆಸಿಕೊಳ್ಳುವ ದಿನವೇ 12 ವಾರಗಳ ಪಟ್ಟಿಯನ್ನು ಅವರ ಕೈಗಿಡಬೇಕೆಂಬುದು ನಮ್ಮ ಒತ್ತಾಯ.

40 ಕಿ.ಮೀ. ಸುಖವಾಗಿ ಹೊಡೆಯಬಲ್ಲವರು ಪ್ರತಿ ಭಾನುವಾರ ಒಂದು ಉದ್ದದ ಸವಾರಿ ಮಾಡಲಿ. ಮೊದಲ ಮೂರು ವಾರ 40, 55, 70. ನಾಲ್ಕನೆಯ ವಾರ 50ಕ್ಕೆ ಇಳಿಸಬೇಕು. ಆಮೇಲೆ 85, 100, 115, ಮತ್ತೆ 80ಕ್ಕೆ ಇಳಿಕೆ. ಒಂಬತ್ತನೆಯ ವಾರ 130, ಹತ್ತನೆಯ ವಾರ 145, ಹನ್ನೊಂದನೆಯ ವಾರ 80, ಹನ್ನೆರಡಕ್ಕೆ ಯಾತ್ರೆ. ನಡುವಿನ ದಿನಗಳಲ್ಲಿ ಎರಡು ಸಲ ಒಂದೊಂದು ತಾಸು ಸಾಕು. ಮಾತಾಡುತ್ತ ಹೋಗುವಷ್ಟೇ ವೇಗವಿರಲಿ. ಇಳಿಸುವ ವಾರಗಳನ್ನು ಬಿಡುವವರೇ ಹೆಚ್ಚು, ತಪ್ಪಾಗುವುದು ಅಲ್ಲೇ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಮೊಣಕಾಲಿನ ಸ್ನಾಯುರಜ್ಜುಗಳು ಪಳಗಲು ತಿಂಗಳುಗಳೇ ಬೇಕು. ದಮ್ಮು ಇದೆಯೆಂದು ದೂರ ಏರಿಸುತ್ತ ಹೋದರೆ ಮೊಣಕಾಲು ಹಿಡಿಯುತ್ತದೆ.

ಮೊಣಕಾಲು ನೋಯಲು ಇನ್ನೊಂದು ಕಾರಣ ಸೀಟಿನ ಎತ್ತರ. ಬೇರೆಯವರ ಸೈಕಲ್ ತಂದು ಹೊರಡುವವರು ಇದನ್ನು ನೋಡುವುದೇ ಇಲ್ಲ. ಸೀಟಿನ ಮೇಲೆ ಕೂತು, ಪೆಡಲು ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ, ಅದೇ ಸರಿಯಾದ ಅಳತೆ. ಸೀಟು ತಗ್ಗಾದರೆ ಮೊಣಕಾಲಿನ ಮುಂಭಾಗ ನೋಯುತ್ತದೆ, ಎತ್ತರವಾದರೆ ಹಿಂಭಾಗ ನೋಯುತ್ತದೆ, ಸೊಂಟವೂ ಆಚೀಚೆ ಹೊರಳುತ್ತದೆ. ಅಳತೆ ಕೂತ ಮೇಲೆ ಸೀಟಿನ ಕೊಳವೆಗೆ ಟೇಪು ಸುತ್ತಿ ಗುರುತು ಮಾಡಿಡಿ. ಭಾರದ ಗೇರಿನಲ್ಲಿ ಒತ್ತಿ ತುಳಿಯುವ ಬದಲು ಹಗುರ ಗೇರಿನಲ್ಲಿ ನಿಮಿಷಕ್ಕೆ 80 ಸುತ್ತು ತಿರುಗಿಸುವುದು ಕಾಲಿಗೆ ಹಿತ.

ಚೈನು ಸವೆದಂತೆ ಉದ್ದವಾಗುತ್ತದೆ, ಅದನ್ನು ಸ್ಕೇಲ್ ಹಿಡಿದು ಅಳೆಯಬೇಕು. ಒಂದು ಪಿನ್ನಿನಿಂದ, ಅದನ್ನು ಬಿಟ್ಟು ಎಣಿಸಿದರೆ ಬರುವ ಇಪ್ಪತ್ನಾಲ್ಕನೆಯ ಪಿನ್ನಿನವರೆಗೆ ಹೊಸ ಚೈನು 304.8 ಮಿ.ಮೀ. ಇರುತ್ತದೆ. 306.5 ದಾಟಿದ್ದರೆ ಬದಲಿಸಿ, ಆದರೆ ಯಾತ್ರೆಗೆ ಎರಡು ವಾರ ಮೊದಲೇ. ಹಿಂದಿನ ಗಾಲಿಯ ಹಲ್ಲುಗಳು ಸವೆದಿದ್ದರೆ ಹೊಸ ಚೈನು ಜಿಗಿಯುತ್ತದೆ, ಅದು ಊರಲ್ಲೇ ಗೊತ್ತಾಗಬೇಕು, ನರಗುಂದ ದಾಟಿದ ಮೇಲಲ್ಲ.

ನಮ್ಮ ರಸ್ತೆಯಂಚಿನ ದೊಡ್ಡ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ಎರಡು ಟ್ಯೂಬು, ಪಂಪು, ಟೈರು ಬಿಚ್ಚುವ ಲಿವರು ಪ್ರತಿಯೊಬ್ಬರ ಬಳಿಯೂ ಇರಲಿ. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಬೇಕು. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹತ್ತು ನಿಮಿಷದಲ್ಲಿ ಮತ್ತೆ ಪಂಕ್ಚರ್. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ಅದು ಮುಳ್ಳಿನದಲ್ಲ, ಗಾಳಿ ಕಡಿಮೆಯಾಗಿ ಗುಂಡಿಯಲ್ಲಿ ರಿಮ್ಮು ಕಚ್ಚಿದ್ದು. 28 ಮಿ.ಮೀ. ಅಗಲದ ಟೈರಿಗೆ, ಸುಮಾರು 70 ಕೆ.ಜಿ. ತೂಕದವರಿಗೆ 75ರಿಂದ 80 ಪಿ.ಎಸ್.ಐ. ಗಾಳಿಯ ಒತ್ತಡ ಸಾಕು.

ನೀರು ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್. ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ತಿರುಗುತ್ತದೆ, ವಾಂತಿಯಾಗುತ್ತದೆ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ತಿನ್ನಲು ಮೊದಲ ತಾಸಿನಿಂದಲೇ ತಾಸಿಗೆ ಎರಡು ಬಾಳೆಹಣ್ಣಿನಷ್ಟು ಬೇಕು. ಹಸಿವಾದ ಮೇಲೆ ತಿಂದರೆ ತಡವಾಯಿತು. ಅಮೀನಗಡದ ಕರದಂಟಿನ ಚಿಕ್ಕ ತುಂಡುಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳಬಹುದು. ರೊಟ್ಟಿ, ಶೇಂಗಾ ಚಟ್ನಿ ಅರಗಲು ಹೊತ್ತು ಹಿಡಿಯುತ್ತವೆ. ಅವು ಊರು ಮುಟ್ಟಿದ ಮೇಲೆ.

ಕೊಲ್ಹಾರದ ಬಳಿ ಕೃಷ್ಣೆಯ ಮೇಲಿನ ಉದ್ದನೆಯ ಸೇತುವೆಯಲ್ಲಿ ಅಡ್ಡಗಾಳಿಗೆ ಯಾವ ಮರೆಯೂ ಇಲ್ಲ. ಅಲ್ಲಿ ಒಬ್ಬರ ಹಿಂದೊಬ್ಬರು, ನಡುವೆ ಒಂದು ಸೈಕಲ್ಲಿನಷ್ಟು ಜಾಗ ಬಿಟ್ಟು ಹೋಗಬೇಕು. ಮುಂದಿನವರ ಹಿಂದಿನ ಗಾಲಿಗೆ ನಮ್ಮ ಮುಂದಿನ ಗಾಲಿ ತಾಗಿದರೆ ಬೀಳುವವರು ನಾವೇ. ಕಬ್ಬು ಕಡಿಯುವ ದಿನಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ರಸ್ತೆ ತುಂಬಿರುತ್ತವೆ, ಹಲವಕ್ಕೆ ಹಿಂದೆ ದೀಪವಾಗಲಿ ಪ್ರತಿಫಲಕವಾಗಲಿ ಇರುವುದಿಲ್ಲ. ಕತ್ತಲಲ್ಲಿ ಯಾರನ್ನೂ ದಾರಿಗೆ ಬಿಡಬೇಡಿ. ದೂರವನ್ನು ಎರಡು ದಿನಕ್ಕೆ ಹಂಚಿದರೆ ಇದು ತಾನಾಗಿಯೇ ಬಗೆಹರಿಯುತ್ತದೆ. ಕೊನೆಯ ಸವಾರರ ಹಿಂದೆ ದೀಪ ಮಿನುಗಿಸುತ್ತ ಬರುವ ಒಂದು ವಾಹನ, ಅದರಲ್ಲಿ ದಣಿದವರಿಗೂ ಅವರ ಸೈಕಲ್ಲಿಗೂ ಜಾಗ ಇರಲೇಬೇಕು. ಇದರ ಖರ್ಚನ್ನು ದೇಣಿಗೆಯಿಂದ ತೆಗೆಯದೆ ಬೇರೆ ಕೂಡಿಸಿ, ಎರಡರ ಲೆಕ್ಕವನ್ನೂ ದಾನಿಗಳಿಗೆ ತೋರಿಸಿ.

ತಯಾರಿಯಲ್ಲಿ ಒಮ್ಮೆಯೂ 100 ಕಿ.ಮೀ. ಮುಗಿಸದವರನ್ನು ಪೂರ್ತಿ ದಾರಿಗೆ ಕಳಿಸದಿರಿ. ಅವರಿಗಾಗಿ ವಿಜಯಪುರದಿಂದ ಬಾಗಲಕೋಟೆ ಬಳಿಯ ಗದ್ದನಕೇರಿ ಕ್ರಾಸ್‌ವರೆಗೆ ಪ್ರತ್ಯೇಕ ಯಾತ್ರೆ ಇಡಿ. ಅವರು ಕೂಡಿಸಿದ ಹಣವೂ ಅದೇ ರೋಗಿಗೆ, ಅದೇ ಮಗುವಿಗೆ ಮುಟ್ಟುತ್ತದೆ.

— ಸೈಕಲ್ ಸವಾರರು, ವಿಜಯಪುರ