ಬರುತ್ತೇನೆ, ಆದರೆ ನಿಧಾನವಾಗಿ

ಪುಟ್ಟಿ,

ಗುಡ್ಡ ಹತ್ತಿ ಮೇಲಿನ ಕೆರೆಗೆ ಹೋಗಿ, ಅಲ್ಲೇ ಟೆಂಟ್ ಹಾಕಿ ಮೀನು ಹಿಡಿಯೋಣ ಬಾ ಅಂತ ಕರೆದಿದ್ದೀಯ. ಕೊನೆಗೆ "ನಿನ್ನ ಕೈಲಿ ಆಗುತ್ತಾ ಅಮ್ಮ?" ಅಂತಲೂ ಕೇಳಿದ್ದೀಯ. ಆಗುತ್ತೆ. ಆದರೆ ನಿನ್ನ ವಯಸ್ಸಿನಲ್ಲಿ ಹೋಗುತ್ತಿದ್ದ ಹಾಗೆ ಆಗಲ್ಲ. ಅದನ್ನು ಈಗಲೇ ಮಾತಾಡಿಕೊಂಡುಬಿಡೋಣ.

ಆಗ ನಮಗೆ ದೂರವೇ ದೊಡ್ಡಸ್ತಿಕೆ. ರಸ್ತೆ ಮುಗಿದ ಮೇಲೆ ಎಷ್ಟು ಗುಡ್ಡ ದಾಟಿದೆವು ಅನ್ನುವುದನ್ನೇ ಹೇಳಿಕೊಂಡು ತಿರುಗುತ್ತಿದ್ದೆವು. ಜನ ಹೋಗದ ನೀರಿನಲ್ಲಿ ಮೀನು ಸುಲಭವಾಗಿ ಗಾಳ ಕಚ್ಚುತ್ತದೆ ಎಂಬ ನಂಬಿಕೆ ಬೇರೆ. ಪೂರ್ತಿ ಸುಳ್ಳೇನಲ್ಲ. ಅಷ್ಟು ಎತ್ತರದ ತಣ್ಣನೆ ಕೆರೆಯಲ್ಲಿ ಬೇಸಿಗೆ ಚಿಕ್ಕದು, ತಿನ್ನಲು ಸಿಗುವುದೂ ಕಮ್ಮಿ. ಎದುರಿಗೆ ಬಂದದ್ದನ್ನು ಬಿಟ್ಟು ಕೂರುವಷ್ಟು ಪುರುಸೊತ್ತು ಅಲ್ಲಿನ ತಣ್ಣೀರಿನ ಮೀನು ಟ್ರೌಟ್‌ಗೆ ಇರುವುದಿಲ್ಲ. ಅದೇ ಕಾರಣಕ್ಕೆ ಅದು ದೊಡ್ಡದಾಗಿ ಬೆಳೆಯುವುದೂ ಅಪರೂಪ. ದಿನವಿಡೀ ಹತ್ತಿ, ಗೇಣುದ್ದದ ಮೀನು ಹಿಡಿದು ಕುಣಿಯುತ್ತಿದ್ದೆವು ಅನ್ನು!

ಈಗ ನನ್ನ ಮಂಡಿಯ ವಿಷಯ. ಹತ್ತುವಾಗ ಏದುಸಿರು ಬರುತ್ತದೆ, ಅಷ್ಟೇ. ಇಳಿಯುವಾಗಲೇ ನಿಜವಾದ ನೋವು. ಪ್ರತಿ ಹೆಜ್ಜೆಗೂ ಮೈಭಾರ, ಚೀಲದ ಭಾರ ಎರಡೂ ಮಂಡಿ ಮೇಲೆ ಬೀಳುತ್ತದಲ್ಲ. ಹಾಗಾಗಿ ಎರಡು ಊರುಗೋಲು ತರುತ್ತೇನೆ, ನಗಬೇಡ. ವಾಪಸ್ ಬರುವ ದಿನ ಬೆಳಗ್ಗೆಯೇ ಹೊರಟುಬಿಡಬೇಕು. ಹಳ್ಳ ದಾಟುವುದಕ್ಕೂ ಬೆಳಗಿನ ಹೊತ್ತೇ ಒಳ್ಳೆಯದು. ಹಿಮ ಕರಗಿ ಹರಿಯುವ ಹಳ್ಳದಲ್ಲಿ ಮುಂಜಾನೆ ನೀರು ಕಮ್ಮಿ ಇರುತ್ತದೆ, ಬಿಸಿಲೇರಿದ ಮೇಲೆ ಏರುತ್ತದೆ. ದಾಟುವ ಮುಂಚೆ ಚೀಲದ ಸೊಂಟದ ಬೆಲ್ಟ್ ಬಿಚ್ಚಿಕೋ. ಕಾಲು ಜಾರಿದರೆ ಚೀಲ ಕಳಚಿ ಬಿಡೋಕೆ ಬರಬೇಕು. ಬೇರೆ ಕಡೆ ನನಗಾಗಿ ಕಾಯಬೇಡ, ನಿನ್ನ ಪಾಡಿಗೆ ಮುಂದೆ ಹೋಗು. ಹಳ್ಳದ ಹತ್ತಿರ ಮಾತ್ರ ನಿಲ್ಲು. ಇದರಲ್ಲಿ ಚೌಕಾಸಿ ಇಲ್ಲ.

ಕಣ್ಣಿನ ಕಥೆ ಇನ್ನೊಂದು. ಗಾಳದ ನಂಬರ್ ಹೆಚ್ಚಾದಷ್ಟೂ ಗಾಳ ಚಿಕ್ಕದು. ಹದಿನೆಂಟರ ಗಾಳಕ್ಕೆ ಸಂಜೆ ಬೆಳಕಿನಲ್ಲಿ ದಾರ ಪೋಣಿಸುವುದು ಈಗ ನನಗೆ ಆಗದ ಮಾತು. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಗಡುಸಾಗುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಅದಕ್ಕೇ ಮನೆಯಲ್ಲೇ ದೀಪದ ಕೆಳಗೆ ಕೂತು, ಗಾಳ ಕಟ್ಟಿದ ದಾರದ ತುಂಡುಗಳನ್ನು ಸುತ್ತಿಟ್ಟುಕೊಂಡು ಬರುತ್ತೇನೆ. ಈ ಸಲ ದಾರ ಸುತ್ತುವ ರೀಲ್ ಕೂಡ ಬೇಡ ಅಂದುಕೊಂಡಿದ್ದೇನೆ. ಜಪಾನಿನ ಬೆಟ್ಟದ ತೊರೆಗಳಲ್ಲಿ ತೆಂಕಾರಾ ಅಂತ ಒಂದು ಹಳೆಯ ಪದ್ಧತಿ ಇದೆ. ಉದ್ದನೆಯ ಕೋಲು, ಅದರ ತುದಿಗೇ ದಾರ, ದಾರದ ಕೊನೆಗೆ ನೊಣದ ಹಾಗೆ ಕಟ್ಟಿದ ಒಂದು ಗಾಳ. ಮುಗಿಯಿತು. ಕೋಲು ಒಂದರೊಳಗೊಂದು ಮಡಚಿ ಚೀಲದೊಳಗೆ ಕೂರುತ್ತದೆ. ದೂರಕ್ಕೆ ಎಸೆಯಲು ಬರುವುದಿಲ್ಲ, ನಿಜ. ನನಗೀಗ ದೂರಕ್ಕೆ ಎಸೆಯುವ ಆಸೆಯೂ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಹರಿಯುವ ತೊರೆಯಲ್ಲಿ ಟ್ರೌಟ್ ಬಂಡೆಯ ಮರೆಯಲ್ಲಿ ಹರಿವಿಗೆ ಮುಖಮಾಡಿ ನಿಂತಿರುತ್ತದೆ. ತಿನ್ನುವುದನ್ನು ನೀರೇ ತಂದುಕೊಡುತ್ತದೆ. ಹಾಗಾಗಿ ಅಲ್ಲಿ ಮೀನನ್ನು ಹುಡುಕಿಕೊಂಡು ನಾವು ನಡೆಯಬೇಕು. ಕೆರೆಯಲ್ಲಿ ಹಾಗಲ್ಲ. ನಿಂತ ನೀರು ಏನನ್ನೂ ತರುವುದಿಲ್ಲ, ಮೀನೇ ತಿರುಗಬೇಕು. ಎಷ್ಟೋ ಸಲ ದಡದ ಪಕ್ಕದಲ್ಲೇ, ಆಳ ಶುರುವಾಗುವ ಅಂಚಿನಲ್ಲಿ ಸುತ್ತು ಹಾಕುತ್ತಿರುತ್ತದೆ. ನಾವೋ, ಬಂದ ಕೂಡಲೇ ಚೀಲ ಎಸೆದು, ಮಂಡಿವರೆಗೆ ನೀರಿಗಿಳಿದು, ಕೆರೆಯ ನಡುವಿಗೆ ಗಾಳ ಬೀಸುತ್ತಿದ್ದೆವು. ಮೀನು ಬೆನ್ನ ಹಿಂದೆ ಇರುತ್ತಿತ್ತೋ ಏನೋ!

ಈಗ ಸುಸ್ತಾಗಿ ಮೊದಲು ಕೂರುತ್ತೇನೆ. ಕೂತರೆ ಮೀನು ಕಾಣಿಸುತ್ತದೆ. ನೀರೊಳಗಿನ ಮೀನಿಗೆ ಹೊರಗಿನದೆಲ್ಲ ಕಾಣುವುದು ತಲೆ ಮೇಲಿನ ಒಂದು ದುಂಡು ಕಿಟಕಿಯಲ್ಲಿ, ಸುಮಾರು 97 ಡಿಗ್ರಿ ಅಗಲದ್ದು. ದಡದಲ್ಲಿ ಎದ್ದು ನಿಂತವರು ಅದರಲ್ಲಿ ಚೆನ್ನಾಗಿ ಕಾಣುತ್ತಾರೆ. ತಗ್ಗಿ ಕೂತವರು ಅಂಚಿನಲ್ಲಿ ಮಸುಕಾಗಿಬಿಡುತ್ತಾರೆ. ದಡದ ಮೇಲೆ ಧಪಧಪ ನಡೆದರೂ ಅದಕ್ಕೆ ಗೊತ್ತಾಗುತ್ತದೆ, ಮೈಯ ಎರಡೂ ಪಕ್ಕದ ಗೆರೆ ನೀರಿನ ಅಲುಗಾಟ ಹಿಡಿಯುತ್ತದೆ. ಅಂದರೆ ಮಂಡಿ ನೋವಿನವರಿಗೆ ಹೇಳಿ ಮಾಡಿಸಿದ ಕೆರೆ ಅಲ್ವಾ ಇದು?

ಹಿಡಿದದ್ದನ್ನು ಬಿಡುವುದಾದರೆ ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿಬಿಡು, ಕೈ ಒದ್ದೆ ಮಾಡಿಕೊಂಡು ಮುಟ್ಟು. ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತದೆ, ರೋಗ ತಗಲುವುದು ಸುಲಭ. ನಿನಗಿದು ಗೊತ್ತು, ಅಮ್ಮಂದಿರಿಗೆ ಹೇಳದಿದ್ದರೆ ಸಮಾಧಾನ ಇಲ್ಲ.

ಟೆಂಟ್ ನೀನು ಹೊರು, ಒಲೆ, ಪಾತ್ರೆ ನನಗಿರಲಿ. ಕುಡಿಯುವ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿಯೇ ಕುಡಿಯುವುದು. 2,000 ಮೀಟರ್ ಮೇಲೆ ಮೂರು ನಿಮಿಷ ಚೆನ್ನಾಗಿ ಕುದಿಯಬೇಕು, ಇಂಧನ ಅದಕ್ಕೆ ತಕ್ಕಂತೆ ತರುತ್ತೇನೆ. ಪರವಾನಗಿ ನೀನೇ ವಿಚಾರಿಸು. ಅಲ್ಲಿ ಮೀನು ಇಟ್ಟುಕೊಳ್ಳಬಹುದೋ, ಬಿಡಲೇಬೇಕೋ ಅದನ್ನೂ ಕೇಳು. ಯಾವ ದಾರಿ, ಯಾವತ್ತು ವಾಪಸ್ ಅಂತ ಅಪ್ಪನಿಗೆ ಬರೆದುಕೊಟ್ಟು ಹೋಗೋಣ. ಮೇಲೆ ಫೋನ್ ಸಿಗದೇ ಇರಬಹುದು.

ಕೆರೆಯ ಮಂಜುಗಡ್ಡೆ ಪೂರ್ತಿ ಕರಗಿದ ಮೇಲಿನ ದಿನ ನೋಡಿ ತಿಳಿಸು. ಒಂದು ದಿನ ಜಾಸ್ತಿಯೇ ಇಟ್ಟುಕೋ.

ನಿನ್ನ,
ಅಮ್ಮ