ತೇಲದ ಹಡಗಿಗೆ ಹೊರಟವನಿಗೆ

ಪ್ರೀತಿಯ ಪುಟ್ಟಾ,

ಮಾವನ ಆಶೀರ್ವಾದಗಳು. ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ನೌಕಾಪಡೆ ಸೇರಿ ನೀನು ತರಬೇತಿಗೆ ಹೊರಟಿರುವ ಐಎನ್‌ಎಸ್ (ಇಂಡಿಯನ್ ನೇವಲ್ ಶಿಪ್) ಚಿಲ್ಕಾ ಅಂದರೆ ಹಡಗು ಅಂದುಕೊಂಡು ಊರಿಗೆಲ್ಲ ಹೇಳಿಬಿಟ್ಟಿದ್ದೆಯಂತೆ. ಅದು ನೆಲದ ಮೇಲಿದೆ ಅಂತ ಗೊತ್ತಾದ ಮೇಲೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದೀಯಂತೆ.

ಹಾಗೆ ಕೂರಬೇಡ ಮಗಾ. ಒಡಿಶಾದ ಚಿಲಿಕಾ ಸರೋವರದ ಹತ್ತಿರವಿರುವ ಆ ಕೇಂದ್ರದಲ್ಲೇ ನಾವಿಕರ ಮೊದಲ ತರಬೇತಿ ನಡೆಯುವುದು. ಲೋನಾವಳದ ಶಿವಾಜಿ, ಜಾಮ್‌ನಗರದ ವಲ್ಸುರಾ ಎಂಬ ತರಬೇತಿ ಶಾಲೆಗಳು, ನಮ್ಮ ಕಾರವಾರದ ಕದಂಬ ಎಂಬ ನೌಕಾನೆಲೆ, ಎಲ್ಲದರ ಹೆಸರಿನ ಮುಂದೆಯೂ ಐಎನ್‌ಎಸ್ ಇದೆ. ಒಂದೂ ತೇಲುವುದಿಲ್ಲ. ಇದು ಬ್ರಿಟಿಷರಿಂದ ಬಂದ ರೂಢಿ. ಅವರ ನೌಕಾಪಡೆಯ ಶಿಸ್ತಿನ ಕಾನೂನು, ಯಾವುದಾದರೂ ಹಡಗಿನ ಸಿಬ್ಬಂದಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಹಾಗಾಗಿ ದಡದ ಮೇಲಿನ ಶಾಲೆಯನ್ನೂ ಹಡಗು ಅಂತಲೇ ಲೆಕ್ಕಕ್ಕೆ ಹಿಡಿದರು. ವಲ್ಸುರಾದಲ್ಲಿ ಕಲಿಯುವಾಗ ನಾವು ಗೇಟು ದಾಟಿ ಪೇಟೆಗೆ ಹೋಗುವುದಕ್ಕೂ 'ಅಶೋರ್', ಅಂದರೆ ದಡಕ್ಕೆ, ಹೋಗುವುದು ಅನ್ನುತ್ತಿದ್ದೆವು. ಅಡುಗೆಮನೆಗೆ ಗ್ಯಾಲಿ ಅನ್ನುತ್ತಿದ್ದೆವು. ನೀನೂ ಹಾಗೇ ಅನ್ನು, ನಾಚಿಕೊಳ್ಳಬೇಡ.

ಇನ್ನೊಂದು ಮಾತು. ಒಂದೇ ಹೆಸರು ಶಾಲೆಗೂ ಹಡಗಿಗೂ ಬರುತ್ತದೆ. ಸುಮ್ನೆ ಹೆಸರು ಕೇಳಿ ಬಿಡಬೇಡ. ಯಾವುದು, ಯಾವ ಕಾಲದ್ದು ಅಂತ ಕೇಳು. ತಲವಾರ್ ಹೆಸರನ್ನೇ ತಗೋ. 2003ರಲ್ಲಿ ರಷ್ಯಾದಲ್ಲಿ ಕಟ್ಟಿಸಿ ತಂದ ಯುದ್ಧನೌಕೆ ನಿನಗೆ ಗೊತ್ತು. ಅದೇ ಹೆಸರಿನ ಹಳೆಯ ಹಡಗು 1971ರ ಡಿಸೆಂಬರ್‌ನಲ್ಲಿ ಕರಾಚಿ ದಾಳಿಗೆ ಹೋಗಿತ್ತು. ಅದಕ್ಕೂ ಮುಂಚೆ ಮುಂಬೈಯಲ್ಲಿ ನೆಲದ ಮೇಲೊಂದು ತಲವಾರ್ ಇತ್ತು, ಸಿಗ್ನಲ್ ಕಲಿಸುವ ಶಾಲೆ. 1946ರ ಫೆಬ್ರವರಿ 18ರಂದು ಅಲ್ಲಿನ ನಾವಿಕರು ಮುಷ್ಕರ ಹೂಡಿದರು. ಊಟ ಕೆಟ್ಟದಾಗಿತ್ತು, ಮೇಲಿನವರ ಬೈಗುಳ ಅದಕ್ಕಿಂತ ಕೆಟ್ಟದಾಗಿತ್ತು. ಕೆಲವೇ ದಿನಗಳಲ್ಲಿ ಮುಷ್ಕರ ಕರಾಚಿವರೆಗೆ ಹಬ್ಬಿತು. 78 ಹಡಗುಗಳು, ಸುಮಾರು 20,000 ನಾವಿಕರು! ಬ್ರಿಟಿಷ್ ಸರ್ಕಾರವನ್ನು ನಡುಗಿಸಿದ ಆ ದಂಗೆ ಶುರುವಾದದ್ದು ತೇಲದ ಹಡಗಿನಲ್ಲಿ. ಅವರಲ್ಲಿ ಎಷ್ಟೋ ಜನ ನಿನ್ನ ವಯಸ್ಸಿನವರೇ. ಆಮೇಲೆ ತುಂಬಾ ಜನರನ್ನು ಕೆಲಸದಿಂದ ತೆಗೆದುಹಾಕಿದರು. ಈ ಕಥೆ ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಚಿಲ್ಕಾದಲ್ಲಿ ಈಜು ಚೆನ್ನಾಗಿ ಕಲಿ. ಬೂಟು ಕಚ್ಚಿದರೆ ಮುಚ್ಚಿಡದೆ ಹೇಳು, ಗಾಯ ಜಾಸ್ತಿಯಾದರೆ ಪರೇಡು ತಪ್ಪುತ್ತದೆ. ಅಮ್ಮನಿಗೆ ವಾರಕ್ಕೊಂದು ಸಾಲಾದರೂ ಬರೆ.

ಮೊದಲ ರಜೆಗೆ ಬಂದಾಗ ಕಾರವಾರದ ಕಡಲತೀರಕ್ಕೆ ಹೋಗೋಣ. ಅಲ್ಲಿ ಚಪಲ್ ಅನ್ನುವ ಹಳೆಯ ಕ್ಷಿಪಣಿ ನೌಕೆಯನ್ನು ಮ್ಯೂಸಿಯಂ ಮಾಡಿ ಮರಳಿನ ಮೇಲೆ ನಿಲ್ಲಿಸಿದ್ದಾರೆ. ಒಳಗೆ ಒಂದೊಂದನ್ನೂ ನೀನೇ ನನಗೆ ವಿವರಿಸಬೇಕು.

ನಿನ್ನ,
ಮಾವ